ಕುದುರೆ ಅಜ್ಜನ ಮಂಗೋಲರು

ಅವರು ನನ್ನನ್ನು ಮೊದಲ ಸಲ ಮಾತಾಡಿಸಿದಾಗ ಕೇಳಿದ್ದು ನನ್ನ ಹೆಸರನ್ನಲ್ಲ, ಊರನ್ನೂ ಅಲ್ಲ.

“ತಾಯಿಯವರ ಮೊಣಕಾಲು ಈಗ ಹ್ಯಾಂಗ ಐತ್ರಿ?” ಎಂದು ಕೇಳಿದರು.

ಆಕ್ಲೆಂಡಿನ ಸಂಜೆಯ ಬಸ್ಸು ಮೌಂಟ್ ರಾಸ್ಕಿಲ್ ಹತ್ತಿರ ಬಂದಿತ್ತು. ನಾನು ಪೆನ್‌ರೋಸಿನ ಒಂದು ಗೋದಾಮಿನಲ್ಲಿ ಕಂಪ್ಯೂಟರ್ ಕೆಲಸ ಮುಗಿಸಿ, ಎರಡು ಬಸ್ಸು ಬದಲಿಸಿ ಮನೆಗೆ ಬರುತ್ತಿದ್ದ ಕಾಲ. ಮೈಸೂರಿನಲ್ಲಿ ಆಗ ಬೆಳಿಗ್ಗೆ ಹತ್ತೋ ಹನ್ನೊಂದೋ ಗಂಟೆ. ಅಮ್ಮನಿಗೆ ಫೋನು ಮಾಡಲು ಅದೇ ಹೊತ್ತು. ಆಕ್ಲೆಂಡಿನ ಬಸ್ಸಿನಲ್ಲಿ ಯಾರಿಗೆ ಕನ್ನಡ ಬಂದೀತು ಎಂಬ ಧೈರ್ಯದಿಂದ ನೋವಿನ ಎಣ್ಣೆಯಿಂದ ಹಿಡಿದು ಅತ್ತೆ ಮಾವನ ಜಗಳದವರೆಗೆ ಎಲ್ಲವನ್ನೂ ಗಟ್ಟಿಯಾಗಿ ಮಾತಾಡಿ ಮುಗಿಸಿದ್ದೆ. ತಿರುಗಿ ನೋಡಿದರೆ ಹಿಂದಿನ ಸೀಟಿನಲ್ಲಿ ಒಬ್ಬ ಹಿರಿಯರು. ಕತ್ತರಿಸಿದ ಬಿಳಿ ಗಡ್ಡ, ಕಂದು ಸ್ವೆಟರು, ತೊಡೆಯ ಮೇಲೆ ಲೈಬ್ರರಿ ಪುಸ್ತಕ ತುಂಬಿದ ಬಟ್ಟೆ ಚೀಲ. ನನಗೆ ನಾಚಿಕೆಯಾದದ್ದನ್ನು ಕಂಡು ಅವರೇ ಸಮಾಧಾನ ಹೇಳಿದರು. “ಮೊಣಕಾಲಿನ ಮಾತು ಅಷ್ಟೇ ಕೇಳೀನ್ರಿ. ಉಳಿದದ್ದು ನನಗ ಕೇಳಿಸಿಲ್ಲ.”

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯುವ ಹಕ್ಕು ನನಗಿದೆ ಎಂದು ಅನಿಸುವುದಿಲ್ಲ. ನಮ್ಮ ಮಕ್ಕಳು ಅವರನ್ನು ಕುದುರೆ ಅಜ್ಜ ಎನ್ನುತ್ತಿದ್ದರು.

ವಿಜಯಪುರದ ಒಂದು ಕಾಲೇಜಿನಲ್ಲಿ ಮೂವತ್ತು ವರ್ಷ ಇತಿಹಾಸ ಹೇಳಿ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಇಲ್ಲಿ ನರ್ಸ್ ಆಗಿದ್ದ ಮಗಳ ಮನೆಗೆ ಬಂದಿದ್ದರು. ಮನೆಯಲ್ಲಿ ಉರ್ದು, ಪಾಠದಲ್ಲಿ ಕನ್ನಡ, ಲೈಬ್ರರಿಯಲ್ಲಿ ಇಂಗ್ಲಿಷು. ಅವರ ಜೊತೆಗಾರರೆಲ್ಲ ಆದಿಲಶಾಹಿಗಳ ಬಗ್ಗೆ ಓದಿದರೆ ಇವರು ಹಿಡಿದದ್ದು ಮಂಗೋಲರನ್ನು. “ನಮ್ಮೂರಾಗ ಎಲ್ಲಾರೂ ಗುಮ್ಮಟದ ನೆರಳಾಗ ಕುಂತು ಇತಿಹಾಸ ಓದ್ಯಾರ. ನನಗ ನೆರಳ ಇಲ್ಲದ ಜಾಗಾ ಬೇಕಾಗಿತ್ತು,” ಎನ್ನುತ್ತಿದ್ದರು. ಮಂಗೋಲಿಯಾವನ್ನು ಅವರು ಕಂಡಿರಲಿಲ್ಲ. ಒಮ್ಮೆ ಮಗಳು ಅಳಿಯ ಅವರನ್ನು ಆಕ್ಲೆಂಡಿನ ದಕ್ಷಿಣಕ್ಕೆ ಕರೆದುಕೊಂಡು ಹೋಗಿದ್ದರಂತೆ. ಮರವಿಲ್ಲದ ಹಸಿರು ಗುಡ್ಡ, ಕುರಿ, ಬೇಲಿಯಾಚೆ ನಾಲ್ಕು ಕುದುರೆ. ಕಾರು ನಿಲ್ಲಿಸಲು ಹೇಳಿ ಬೇಲಿ ಹಿಡಿದುಕೊಂಡು ಅರ್ಧ ಗಂಟೆ ನಿಂತಿದ್ದರಂತೆ. “ಬೇಲಿ ಒಂದು ತಗದ್ರ ಅದೇ ನೋಡ್ರಿ,” ಎಂದು ನನಗೆ ವರದಿ ಒಪ್ಪಿಸಿದರು.

ನಮ್ಮ ಕನ್ನಡ ಕೂಟದ ಭಾನುವಾರದ ಮಕ್ಕಳ ತರಗತಿಗೆ ಅವರನ್ನು ಕರೆದವನು ನಾನೇ. ಕೂಟಕ್ಕೆ ನಾನು ಕಾರ್ಯದರ್ಶಿ. ಬಾಡಿಗೆಗೆ ಸಿಗುವ ಒಂದು ಸಮುದಾಯ ಭವನ, ಹದಿನಾಲ್ಕು ಮಕ್ಕಳು, ಒಂದು ಬಿಳಿ ಹಲಗೆ. ನಾವು ಅಆಇಈ ತಿದ್ದಿಸಿದರೆ ಮಕ್ಕಳು ಆಕಳಿಸುತ್ತಿದ್ದವು. ನಾವು ಕನ್ನಡದಲ್ಲಿ ಕೇಳಿದರೆ ಅವು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದವು. ನನ್ನ ಮಗಳು ಸಿರಿಗೆ ಆಗ ಒಂಬತ್ತು ವರ್ಷ.

“ಸಾರ್, ನೀವು ಬಂದು ಒಂದು ಕಥೆ ಹೇಳಿ,” ಎಂದೆ.

“ಯಾವ ಕಥಿ ಹೇಳ್ಲಿ?”

“ನಿಮಗೆ ಯಾವುದು ಇಷ್ಟವೋ ಅದು.”

ಈ ಮಾತನ್ನು ಆಮೇಲೆ ನಾನು ಯಾರಿಗೂ ಹೇಳಲಿಲ್ಲ.

ಮೊದಲ ದಿನ ಅವರು ಹಲಗೆಯ ಮೇಲೆ ಏನೂ ಬರೆಯಲಿಲ್ಲ. ಕುರ್ಚಿಯನ್ನು ಮಕ್ಕಳ ನಡುವೆ ಎಳೆದುಕೊಂಡು ಕೂತರು. ತೆಮೂಜಿನ್ ಎಂಬ ಹುಡುಗನಿದ್ದ, ಅವನ ಅಪ್ಪನಿಗೆ ಶತ್ರುಗಳು ಊಟದಲ್ಲಿ ವಿಷ ಹಾಕಿದರು, ಅಪ್ಪ ಸತ್ತ ಕೂಡಲೇ ಇಡೀ ಕುಲ ಡೇರೆ ಕಿತ್ತುಕೊಂಡು ಅವನನ್ನೂ ಅವನ ತಾಯಿಯನ್ನೂ ತಮ್ಮಂದಿರನ್ನೂ ಬಯಲಿನಲ್ಲಿ ಬಿಟ್ಟು ಹೋಯಿತು ಎಂದು ಹೇಳಿ ನಿಲ್ಲಿಸಿದರು. “ನಿಮ್ಮ ಓಣಿ ಮಂದಿ ಎಲ್ಲಾ ಹಿಂಗ ಎದ್ದು ಹೋದ್ರ ನೀವೇನ್ ಮಾಡ್ತೀರಿ?”

“ಕಾಲ್ ದ ಪೊಲೀಸ್,” ಎಂದ ಒಬ್ಬ.

“ಪೊಲೀಸರೂ ಎದ್ದು ಹೋಗ್ಯಾರ,” ಎಂದರು ಅಜ್ಜ. ಮಕ್ಕಳು ನಕ್ಕವು. ಆಮೇಲೆ ಯೋಚನೆಗೆ ಬಿದ್ದವು. ಉತ್ತರ ಕನ್ನಡದಲ್ಲೇ ಇರಬೇಕು, ತಪ್ಪು ಕನ್ನಡವಾದರೂ ನಡೆಯುತ್ತದೆ ಎಂಬುದು ಅವರ ಒಂದೇ ನಿಯಮ. ಆ ತಾಯಿ ಬೇರು ಅಗೆದು, ಕಾಡು ಈರುಳ್ಳಿ ಕಿತ್ತು ಮಕ್ಕಳನ್ನು ಸಾಕಿದಳು ಎಂದಾಗ ಸಿರಿ, “ಅಜ್ಜ, ಅವಳು ಅಳಲಿಲ್ವಾ?” ಎಂದು ಕೇಳಿದಳು. ಹೊರಗಿನವರ ಎದುರು ನನ್ನ ಮಗಳು ಪೂರ್ತಿ ಕನ್ನಡ ವಾಕ್ಯ ಆಡಿದ್ದು ಅದೇ ಮೊದಲು.

ಮುಂದಿನ ಭಾನುವಾರಗಳಲ್ಲಿ ಹದಿನಾಲ್ಕು ಮಕ್ಕಳು ಇಪ್ಪತ್ತೆರಡಾದರು. ತೆಮೂಜಿನ್ ದೊಡ್ಡವನಾಗಿ ಒಡೆದುಹೋಗಿದ್ದ ಕುಲಗಳನ್ನೆಲ್ಲ ಕೂಡಿಸಿ ಚೆಂಗೀಸ್ ಖಾನ್ ಆದದ್ದನ್ನು ಅವರು ಮಕ್ಕಳನ್ನೇ ಸೈನ್ಯ ಮಾಡಿ ತೋರಿಸಿದರು. ಅಣ್ಣತಂಗಿಯರು, ಗೆಳೆಯರು ಒಂದೇ ಗುಂಪಿನಲ್ಲಿ ನಿಲ್ಲುವ ಹಾಗಿಲ್ಲ. “ಅವ ಹಂಗ ಮಾಡಿದ. ಹತ್ತು ಮಂದಿ ಒಂದು ಗುಂಪು. ನಿನ್ನ ಕುಲದಾವ ನಿನ್ನ ಬಾಜು ಇಲ್ಲ. ಬಾಜು ಇದ್ದಾವನ ಈಗ ನಿನ್ನ ಕುಲ.” ಖಾನ್ ಎಂದರೆ ಹೆಸರಲ್ಲ, ಆ ಹುಲ್ಲುಗಾವಲಿನ ಜನ ತಮ್ಮ ಒಡೆಯನಿಗೆ ಕೊಡುತ್ತಿದ್ದ ಪದವಿ, ಚೆಂಗೀಸ್ ನೀಲಿ ಆಕಾಶಕ್ಕೆ ಕೈ ಮುಗಿಯುತ್ತಿದ್ದವನು ಎಂದೂ ಅಂದೇ ಹೇಳಿದರು. ನಾನು ಹಿಂದಿನ ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡಿದ್ದೆ.

ಒಂದು ದಿನ ಎರಡು ಚೀಲ ಕುರಿ ಉಣ್ಣೆ ಹೊತ್ತುಕೊಂಡು ಬಂದರು. ಅಳಿಯನ ಪರಿಚಯದ ರೈತನೊಬ್ಬ ಕೊಟ್ಟದ್ದಂತೆ. ಪ್ಲಾಸ್ಟಿಕ್ ಹಾಳೆ ಹಾಸಿ, ಉಣ್ಣೆ ಹರಡಿ, ಬಿಸಿನೀರು ಸಾಬೂನು ಸುರಿದು, ಮಕ್ಕಳಿಗೆ ಕಾಲುಚೀಲ ಬಿಚ್ಚಿಸಿ ತುಳಿಯಲು ಹೇಳಿದರು. “ನಮ್ಮ ಕಂಬಳಿ ನೇಯ್ದದ್ದು. ಮಂಗೋಲರ ಡೇರೆ ಬಟ್ಟೆ ತುಳದದ್ದು. ತುಳೀರಿ.” ಒಂದು ಗಂಟೆಯಲ್ಲಿ ಭವನವೆಲ್ಲ ಕುರಿ ವಾಸನೆ. ಕೊನೆಗೆ ಎರಡು ಕೈಯಗಲದ ಒರಟು ಬಟ್ಟೆಯೊಂದು ತಯಾರಾಯಿತು. ನೆಲ ಒರೆಸಲು ನಾನು ನೀರುಬಟ್ಟೆ ತಂದರೆ ಅವರು ಬಿಡದೆ ತಾವೇ ಮಂಡಿಯೂರಿ ಒರೆಸಿದರು.

ಇನ್ನೊಂದು ದಿನ ಹತ್ತಿರದ ಪಾರ್ಕಿನಲ್ಲಿ ಅಂಚೆ ಓಟ. ಮಂಗೋಲ ಸಾಮ್ರಾಜ್ಯದ ಉದ್ದಕ್ಕೂ ಒಂದು ದಿನದ ದಾರಿಗೊಂದು ಠಾಣೆ, ಠಾಣೆಯಲ್ಲಿ ದಣಿಯದ ಕುದುರೆ ಸಿದ್ಧ. ಮಕ್ಕಳೇ ಕುದುರೆಗಳು. ಒಂದು ತುದಿಯಲ್ಲಿ ಸಿರಿಯ ಕಿವಿಯಲ್ಲಿ ಹೇಳಿದ ಮಾತು ಮರದಿಂದ ಮರಕ್ಕೆ ಓಡಿ ಇನ್ನೊಂದು ತುದಿ ಮುಟ್ಟಬೇಕು. “ಕುದರಿ ದಣೀಲಿ. ಸುದ್ದಿ ದಣೀಬಾರದು,” ಎಂದು ಅಜ್ಜ ಕೂಗುತ್ತ ತಾವೂ ನಾಲ್ಕು ಹೆಜ್ಜೆ ಓಡಿದರು. ಚೀನಾದ ಕಾಗದ, ಮದ್ದಿನಪುಡಿ, ಪರ್ಶಿಯಾದ ಲೆಕ್ಕ ಜ್ಯೋತಿಷ, ಜೊತೆಗೆ ಪ್ಲೇಗು ಎಲ್ಲವೂ ಅದೇ ದಾರಿಯಲ್ಲಿ ಓಡಿದವು ಎಂದು ಹುಲ್ಲಿನ ಮೇಲೆ ಕೂತು ಹೇಳಿದರು. ರಸ್ತೆಗೆ ಒಳ್ಳೆಯದು ಕೆಟ್ಟದ್ದು ಗೊತ್ತಾಗುವುದಿಲ್ಲ ಎಂದರು.

ಅವರು ಮಂಗೋಲರನ್ನು ಹೊಗಳುತ್ತಿರಲಿಲ್ಲ. ಬಾಗ್ದಾದಿನ ಪಾಠದ ದಿನ ಅವರ ದನಿ ಕೆಳಗಿಳಿದಿತ್ತು. ಚೆಂಗೀಸನ ಮೊಮ್ಮಗ ಆ ಊರನ್ನು ಮುತ್ತಿ, ಜನರನ್ನು ಕೊಂದು, ಖಲೀಫನನ್ನು ಮುಗಿಸಿದ್ದನ್ನು ಹೇಳಿದರು. ಪುಸ್ತಕಗಳ ಶಾಯಿಗೆ ನದಿ ಕಪ್ಪಾಯಿತು ಎಂದು ಜನ ಹೇಳುತ್ತಾರೆ ಎಂದರು.

“ಹಾಗಾದ್ರೆ ಅವರು ಗುಡ್ ಆ, ಬ್ಯಾಡ್ ಆ?” ಎಂದಳು ಸಿರಿ.

“ನೀನ ಹೇಳವ್ವ. ಈಗ ಒಮ್ಮೆ ಹೇಳು, ದೊಡ್ಡಾಕಿ ಆದ ಮ್ಯಾಲೆ ಮತ್ತೊಮ್ಮೆ ಹೇಳು.”

ಅಂದು ಬಸ್ ಸ್ಟಾಪಿಗೆ ನಡೆಯುವಾಗ ನಾನು ಕೇಳಿದೆ, ಇಷ್ಟು ಜನರಿರುವಾಗ ಮಂಗೋಲರೇ ಯಾಕೆ ಎಂದು. “ನಮ್ಮ ಅಜ್ಜ ಬಾಗ್ದಾದ್ ಅಂದ್ರ ಎದ್ದು ಕೂಡ್ತಿದ್ದ. ಆ ಊರು ಸುಟ್ಟವರ ಮ್ಯಾಲೆ ನನಗ ಸಣ್ಣಾವಿದ್ದಾಗಿಂದ ಸಿಟ್ಟು. ಯಾರ ಮ್ಯಾಲೆ ಸಿಟ್ಟೈತೋ ಅವರನ್ನ ಮೊದಲ ಓದಬೇಕ್ರಿ. ಇಲ್ಲಂದ್ರ ಸಿಟ್ಟು ಬರೇ ಸಿಟ್ಟಾಗೇ ಉಳೀತೈತಿ.”

ಇಷ್ಟನ್ನು ನನ್ನೊಬ್ಬನಿಗೇ ಹೇಳಿದ್ದರು. ಹಾಗಾಗಿಯೇ ಮುಂದಿನದನ್ನು ಬರೆಯುವುದು ಕಷ್ಟ.

ಒಂದು ಭಾನುವಾರ ಯಾವುದೋ ಮಗು ಮೊಘಲ್ ಎನ್ನುವುದೂ ಮಂಗೋಲ್ ಎನ್ನುವುದೂ ಒಂದೇ ಥರ ಕೇಳಿಸುತ್ತದಲ್ಲ ಎಂದಿತು. ಅಜ್ಜನಿಗೆ ಖುಷಿಯಾಯಿತು. ಹೌದು, ಮೂಲ ಒಂದೇ, ಬಾಬರನ ತಾಯಿಯ ಕಡೆಯವರು ಚೆಂಗೀಸನ ವಂಶದವರು ಎಂದರು. ಆ ಮಾತು ಮಕ್ಕಳ ಜೊತೆ ಹತ್ತು ಹದಿನೈದು ಮನೆಗಳಿಗೆ ಹೋಯಿತು.

ಕೂಟದ ಸಮಿತಿ ಸಭೆ ನಮ್ಮ ಅಧ್ಯಕ್ಷರ ಮನೆಯಲ್ಲಿ ಸೇರಿತ್ತು. ಚಹಾ, ಚಕ್ಕುಲಿ, ದೀಪಾವಳಿ ಕಾರ್ಯಕ್ರಮದ ಚರ್ಚೆ. ಎಲ್ಲ ಮುಗಿದ ಮೇಲೆ ಬೆಂಗಳೂರಿನ ಒಬ್ಬರು, ಅವರ ಇಬ್ಬರು ಮಕ್ಕಳು ತರಗತಿಗೆ ಬರುತ್ತಿದ್ದರು, ಗಂಟಲು ಸರಿ ಮಾಡಿಕೊಂಡರು. “ತಪ್ಪು ತಿಳ್ಕೋಬೇಡಿ. ನಮ್ಮ ಮಗ ಮನೇಲಿ ಮೂರು ಹೊತ್ತೂ ಚೆಂಗೀಸ್ ಖಾನ್, ಚೆಂಗೀಸ್ ಖಾನ್ ಅಂತಾನೆ. ಸಾರ್ ಒಳ್ಳೆಯವರೇ. ಆದ್ರೆ ಖಾನ್, ಮೊಘಲ್, ಇದೆಲ್ಲ ಅವರ ಜನದ ಕಥೆ. ಅವರಿಗೆ ಹೆಮ್ಮೆ ಇರುತ್ತೆ. ನಮ್ಮ ಮಕ್ಕಳಿಗೆ ಯಾಕೆ?”

“ನಾನೂ ಅದೇ ಅಂದ್ಕೊಂಡಿದ್ದೆ,” ಎಂದರು ಇನ್ನೊಬ್ಬರು.

ಅಧ್ಯಕ್ಷರು ನನ್ನ ಕಡೆ ನೋಡಿದರು. “ನೀವು ಕ್ಲಾಸಲ್ಲಿ ಇರ್ತೀರಲ್ಲ. ನೀವೇನಂತೀರಿ?”

ಚೆಂಗೀಸ್ ಖಾನ್ ಮುಸಲ್ಮಾನನಲ್ಲ. ಇಷ್ಟೇ ನಾನು ಹೇಳಬೇಕಾಗಿದ್ದ ಮಾತು. ಆಮೇಲೆ ಬೇಕಾದರೆ, ಆಗಿದ್ದರೆ ತಾನೇ ಏನು ಎಂದೂ ಕೇಳಬಹುದಿತ್ತು. ಮೊದಲನೆಯದೂ ಬಾಯಿಂದ ಬರಲಿಲ್ಲ. ಈ ದೇಶಕ್ಕೆ ಬಂದ ಮೊದಲ ವರ್ಷ ನನ್ನ ಕುಟುಂಬಕ್ಕೆ ಹಬ್ಬದ ಊಟ ಹಾಕಿದ ಜನ ಅವರು. ನನಗೆ ಕೆಲಸ ಸಿಗಲು ಅಧ್ಯಕ್ಷರು ನಾಲ್ಕು ಕಡೆ ಮಾತಾಡಿದ್ದರು. ಆ ಕೋಣೆಯ ಬೆಚ್ಚನೆಯ ಆಸರೆಯಿಂದ ಹೊರಗೆ ಬೀಳುವುದು ನನಗೆ ಬೇಕಿರಲಿಲ್ಲ.

ಇದಕ್ಕಿಂತ ಕೆಟ್ಟದ್ದನ್ನೂ ಹೇಳಿಬಿಡುತ್ತೇನೆ. ಒಳಗೊಳಗೆ ನನಗೆ ಸ್ವಲ್ಪ ನಿರಾಳವಾಯಿತು. ಕೆಲವು ವಾರದ ಹಿಂದೆ ಅಮ್ಮ ಫೋನಿನಲ್ಲಿ, “ಸಿರಿಗೆ ಯಾರು ಕನ್ನಡ ಹೇಳ್ಕೊಡ್ತಾರೆ?” ಎಂದಿದ್ದಳು. ವಿಜಯಪುರದ ಒಬ್ಬ ಮೇಷ್ಟ್ರು ಎಂದೆ. “ಯಾವ ಪೈಕಿ?” ಎಂದಳು. ಸಿಗ್ನಲ್ ಸರಿಯಿಲ್ಲಮ್ಮ ಎಂದು ಫೋನಿಟ್ಟಿದ್ದೆ.

“ಮಕ್ಕಳಿಗೆ ಸ್ವಲ್ಪ ಹೆವಿ ಆಗ್ತಿದೆ ಅನ್ಸುತ್ತೆ,” ಎಂದೆ ಸಭೆಯಲ್ಲಿ.

“ಹಾಗಾದ್ರೆ ನೀವೇ ಒಂದು ಮಾತು ಹೇಳಿಬಿಡಿ. ನಿಮಗೆ ಕ್ಲೋಸ್ ಅಲ್ವಾ,” ಎಂದರು ಅಧ್ಯಕ್ಷರು.

ಮರುದಿನ ಸಂಜೆ ಅಜ್ಜನ ಮನೆಗೆ ಹೋದೆ. ಅವರೇ ಬಾಗಿಲು ತೆಗೆದು, ಚಹಾ ಮಾಡಿ ಕೊಟ್ಟು, ಮುಂದಿನ ವಾರ ಹೇಳಲಿದ್ದ ಕಥೆಗೆ ಬರೆದಿದ್ದ ನಕಾಶೆಯನ್ನು ಮೇಜಿನ ಮೇಲೆ ಬಿಚ್ಚಿದರು. ಸೋತ ರಾಜಕುಮಾರನೊಬ್ಬ ಕುದುರೆ ಸಮೇತ ಸಿಂಧೂ ನದಿಗೆ ಹಾರಿದ್ದು, ದಡದಲ್ಲಿ ನಿಂತ ಚೆಂಗೀಸ್ ಬಾಣ ಬಿಡಬೇಡಿ ಎಂದು ತನ್ನವರನ್ನು ತಡೆದು, ಇಂಥ ಮಗ ಇರಬೇಕು ಎಂದದ್ದು.

“ಸಾರ್, ಕ್ಲಾಸಿಗೆ ಹಾಲ್ ಸಿಗ್ತಾ ಇಲ್ಲ,” ಎಂದೆ. “ಏನೋ ರಿಪೇರಿ ಅಂತೆ.”

“ಹೌದೇನ್ರಿ? ಹಂಗಾದ್ರ ಪಾರ್ಕಿನಾಗ ಮಾಡೂಣು.”

“ಮಳೆಗಾಲ ಸಾರ್, ಮಕ್ಕಳಿಗೆ ಶೀತ ಆಗುತ್ತೆ.”

“ಹಂಗಾದ್ರ ನಮ್ಮ ಮನಿಯಾಗ. ಇಪ್ಪತ್ತು ಮಂದಿ ಹಿಡಸ್ತಾರ. ಮಗಳು ಏನೂ ಅನ್ನಂಗಿಲ್ಲ.”

“ಇನ್ಶೂರೆನ್ಸ್ ತೊಂದರೆ ಇದೆ ಸಾರ್. ಕೂಟದ ರೂಲ್ಸು.”

ಅಂಥ ರೂಲ್ಸು ಯಾವುದೂ ಇರಲಿಲ್ಲ. ಅವರು ನನ್ನನ್ನು ನೋಡಿದರು. ಮೂವತ್ತು ವರ್ಷ ಹುಡುಗರ ನೆಪ ಕೇಳಿದ ಕಣ್ಣು. ನಾನು ಚಹಾದ ಲೋಟ ನೋಡುತ್ತಿದ್ದೆ. “ಆಗ್ಲಿ,” ಎಂದು ಅವರು ನಕಾಶೆ ಸುತ್ತಿಟ್ಟರು. “ಎಷ್ಟು ದಿವಸ ಆಗಬಹುದ್ರಿ?”

“ಎರಡು ಮೂರು ತಿಂಗಳು.”

“ಆದ ಮ್ಯಾಲೆ ಹೇಳ್ರಿ.”

ಮಕ್ಕಳಿಗೆ, ಅಜ್ಜನಿಗೆ ಹುಷಾರಿಲ್ಲ ಎಂದೆ. ಮನೆಯಲ್ಲಿ ಸಿರಿ ಬಿಡದೆ ಕೇಳಿದಾಗ ಅವಳಿಗೆ ಮಾತ್ರ ಹಾಲ್ ರಿಪೇರಿಯ ಕಥೆ ಹೇಳಿದೆ. ಅದು ರಿಪೇರಿಯಾದ ಮೇಲೆ ಅಜ್ಜ ಬರುತ್ತಾರೆ, ಅಲ್ಲಿಯವರೆಗೆ ಭವನದ ಒಂದು ಬದಿ ಮಾತ್ರ ನಮ್ಮ ಪಾಠಕ್ಕೆ ಸಿಗುತ್ತದೆ ಎಂದು. ಒಂದು ಸುಳ್ಳನ್ನು ಇನ್ನೊಂದಕ್ಕೆ ಹೊಂದಿಸಲು ಆಗ ನನಗೆ ಬಿಡುವೇ ಇರಲಿಲ್ಲ.

ಮೂರನೇ ಭಾನುವಾರ ನಾನು ಹಲಗೆಯ ಮೇಲೆ ಒತ್ತಕ್ಷರ ಬರೆಯುತ್ತಿದ್ದೆ. ಬಾಗಿಲು ತೆರೆಯಿತು. ಅವರು ಭವನದ ಕಪಾಟಿನಲ್ಲಿ ಉಳಿದಿದ್ದ ಉಣ್ಣೆಯ ಚೀಲ ತೆಗೆದುಕೊಂಡು ಹೋಗಲು ಬಂದಿದ್ದರು. ಭವನ ಮುಚ್ಚಿರುತ್ತದೆ, ಕೆಲಸದವರು ಯಾರಾದರೂ ಇದ್ದರೆ ಕೇಳಿ ತೆಗೆದುಕೊಳ್ಳೋಣ ಎಂದು ಬಂದದ್ದು. ಮಕ್ಕಳು, “ಅಜ್ಜಾ,” ಎಂದು ಎದ್ದು ನಿಂತವು. ಅವರು ಹಲಗೆ ನೋಡಿದರು, ಮಕ್ಕಳನ್ನು ನೋಡಿದರು, ಕೊನೆಗೆ ನನ್ನನ್ನು.

ಸಿರಿ ನನ್ನತ್ತ ತಿರುಗಿ, “ಅಪ್ಪ, ಹಾಲ್ ರಿಪೇರಿ ಅಂದಿದ್ರಿ. ಅಜ್ಜ ಬಂದ್ರಲ್ಲ, ಮುಗೀತಾ?” ಎಂದಳು.

ಉತ್ತರ ಕೊಟ್ಟವರು ಅಜ್ಜ. “ಮುಗದಿಲ್ಲವ್ವ. ಇನ್ನೂ ಭಾಳ ಕೆಲಸ ಐತಂತ. ನಾ ನನ್ನ ಚೀಲಾ ಒಯ್ಯಾಕ ಬಂದೀನಿ.” ಅವಳ ತಲೆ ಸವರಿದರು. ಚೀಲ ಹೆಗಲಿಗೇರಿಸಿಕೊಂಡು, “ನಡೀಲ್ರಿ ಪಾಠ,” ಎಂದು ನನಗೆ ಹೇಳಿ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದರು. ನನ್ನ ಮಗಳ ಎದುರು ನಾನು ಸುಳ್ಳನಾಗಬಾರದೆಂದು ಎಪ್ಪತ್ತು ದಾಟಿದ ಆ ಮನುಷ್ಯ ನನ್ನ ಸುಳ್ಳನ್ನು ತಾವೇ ಹೊತ್ತರು.

ಆಮೇಲೆ ನಾನೊಂದು ಹಳೆಯ ಕಾರು ಕೊಂಡೆ. ಪೆನ್‌ರೋಸಿಗೆ ಬಸ್ಸು ಅನುಕೂಲವಿಲ್ಲ ಎಂದು ಹೆಂಡತಿಗೆ ಹೇಳಿದೆ. ಒಂದೆರಡು ಸಲ ಸಿಗ್ನಲ್ಲಿನಲ್ಲಿ ನಿಂತಾಗ ಬಸ್ ಸ್ಟಾಪಿನಲ್ಲಿ ಆ ಕಂದು ಸ್ವೆಟರು ಕಂಡಿತು. ಒಮ್ಮೆ ಅವರೂ ನನ್ನನ್ನು ಕಂಡು ಕೈ ಎತ್ತಿದರು. ನಾನು ರೇಡಿಯೊ ಸರಿ ಮಾಡುವವನ ಹಾಗೆ ಬಗ್ಗಿದೆ. ಮುಂದಿನ ವರ್ಷ ಬೇರೆ ಕೆಲಸ ಸಿಕ್ಕಿ ಕ್ರೈಸ್ಟ್‌ಚರ್ಚಿಗೆ ಹೋದೆವು, ಅಲ್ಲಿಯ ರಿಕ್ಕರ್ಟನ್ನಿನಲ್ಲಿ ಮನೆ ಮಾಡಿದೆವು. ಹೊರಡುವ ಮುಂಚೆ ಹೋಗಿ ಕಂಡು ಬರಬೇಕೆಂದು ಎರಡು ಸಲ ಅವರ ಬೀದಿಯವರೆಗೆ ಹೋಗಿದ್ದೆ. ಬೀದಿಯವರೆಗೆ ಮಾತ್ರ.

ಇನ್ನೂ ಒಂದು ವರ್ಷ ಕಳೆದ ಮೇಲೆ, ಹಳೆಯ ಕೂಟದ ವಾಟ್ಸಾಪ್ ಗುಂಪಿನಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಕೆಳಗೆ ಸಾಲಾಗಿ ಕೈ ಮುಗಿದ ಚಿತ್ರಗಳು. ಸಭೆಯಲ್ಲಿ ಮಾತೆತ್ತಿದವರದೂ ಇತ್ತು, ನನ್ನದೂ ಇತ್ತು.

ಸಿರಿ ಹೋಗಲೇಬೇಕೆಂದಳು. ಶಾಲೆಯ ರಜೆಯಲ್ಲಿ ಅಪ್ಪ ಮಗಳು ವಿಮಾನ ಹತ್ತಿ ಆಕ್ಲೆಂಡಿಗೆ ಹೋಗಿ, ಬಾಡಿಗೆ ಕಾರಿನಲ್ಲಿ ಆ ಮನೆಗೆ ಹೋದೆವು. ಅವರ ಮಗಳು ಡ್ಯೂಟಿ ಮುಗಿಸಿ ಬಂದು ಯೂನಿಫಾರಮ್ಮಿನಲ್ಲೇ ಇದ್ದರು. ಚಹಾ ಕೊಟ್ಟರು. ಕೊನೆಯ ದಿನಗಳ ಬಗ್ಗೆ ಸಣ್ಣ ದನಿಯಲ್ಲಿ ಹೇಳಿದರು. ನಡುವೆ, “ಅಬ್ಬಾ ನಿಮ್ಮನ್ನ ಭಾಳ ನೆನಸ್ತಿದ್ರು. ಆ ಹಾಲ್ ರಿಪೇರಿಗೆ ಬಂದು ಪಾಠ ನಿಂತಿದ್ದಕ್ಕ ಪಾಪ ನಿಮಗೂ ಬ್ಯಾಸರ ಆಗಿತ್ತು ಅಂತ ಹೇಳ್ತಿದ್ರು,” ಎಂದರು. ನಾನು ತಲೆಯಾಡಿಸಿದೆ. ಚಹಾ ಕುಡಿದೆ. ಎದ್ದು ಬಂದೆ.

ಕಾರು ಹೊರಟು ಎರಡು ತಿರುವು ದಾಟಿತ್ತು. ಸಿರಿಗೆ ಈಗ ಹನ್ನೆರಡು.

“ಅಪ್ಪ, ಆಂಟಿಗೆ ನೀವು ಹೇಳ್ಲೇ ಇಲ್ಲ.”

“ಏನು ಹೇಳ್ಬೇಕಿತ್ತು?”

“ಹಾಲ್ ವಾಸ್ ಫೈನ್. ನಾವು ಮಕ್ಕಳೆಲ್ಲಾ ಚೆಕ್ ಮಾಡಿದ್ವಿ. ಎಲ್ಲೂ ರಿಪೇರಿ ಇರ್ಲಿಲ್ಲ.”

ಕಾರು ಪಕ್ಕಕ್ಕೆ ನಿಲ್ಲಿಸಿದೆ. ಒಂಬತ್ತು ವರ್ಷದ ಮಗಳಿಂದ ಯಾವುದನ್ನು ಮುಚ್ಚಿಡಲು ಅವರು ಅಷ್ಟು ಮಾಡಿದರೋ ಅದು ಅವಳಿಗೆ ಅವತ್ತೇ ಗೊತ್ತಿತ್ತು. ಎರಡು ವರ್ಷಕ್ಕೂ ಹೆಚ್ಚು ಕಾಲ ಅವಳು ನಾನಾಗಿಯೇ ಹೇಳಲೆಂದು ಕಾದಿದ್ದಳು.

ಹಿಂದಿರುಗಿ ಹೋಗಿ ಬೆಲ್ ಮಾಡಿದೆ. ಏನೋ ಮರೆತು ಹೋಗಿರಬೇಕೆಂದು ಅವರ ಮಗಳು ಬಾಗಿಲು ತೆಗೆದರು. ಬಾಗಿಲಲ್ಲೇ ನಿಂತು ಹೇಳಿದೆ. ಸಭೆಯಲ್ಲಿ ಬಂದ ಮಾತು, ನಾನು ಆಡದೆ ಬಿಟ್ಟ ಮಾತು, ರಿಪೇರಿ, ಇನ್ಶೂರೆನ್ಸು, ಅವರು ಚೀಲ ತೆಗೆದುಕೊಂಡು ಹೋದದ್ದು. ಯಾವುದನ್ನೂ ಮೆತ್ತಗೆ ಮಾಡದೆ ಹೇಳಿದೆ ಎಂದುಕೊಂಡಿದ್ದೇನೆ.

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ಕೇಳಿದರು. “ಅಬ್ಬಾಗ ಗೊತ್ತಿತ್ತೇನ್ರಿ ಇದು?”

“ಗೊತ್ತಿತ್ತು.”

“ಮತ್ತ ಎರಡು ವರ್ಷ ಪ್ರತಿ ಶನಿವಾರ ಕುಂತು ಪಾಠ ಬರದ್ರಲ್ಲಾ. ಹಾಲ್ ತಯಾರಾದ ಕೂಡ್ಲೇ ಶುರು ಮಾಡೂದು ಅಂತಿದ್ರು. ನಾನು, ಬರಕೋರಿ ಅಬ್ಬಾ, ಮಕ್ಕಳು ಕಾಯಾಕತ್ತಾರ ಅಂತ ಚಾ ಮಾಡಿ ಕೊಡ್ತಿದ್ದೆ. ನನ್ನ ಸಲುವಾಗಿ ಬರೀತಿದ್ರೇನು? ನನಗ ತಿಳೀಬಾರದು ಅಂತ?”

ನಾನು ಕ್ಷಮಿಸಿ ಎಂದೆ. ಅದು ಆ ಪ್ರಶ್ನೆಗೆ ಉತ್ತರವಾಗಿರಲಿಲ್ಲ.

ಅವರು ಅಳಲಿಲ್ಲ, ಬೈಯಲೂ ಇಲ್ಲ. ನನ್ನ ಹಿಂದೆ, ಬೀದಿಯಲ್ಲಿ ನಿಂತ ಕಾರನ್ನು ನೋಡಿದರು.

“ಮಗಳು ಒಬ್ಬಾಕಿನ ಕುಂತಾಳ,” ಎಂದರು. “ಹೋಗ್ರಿ.”

ಹೋಗಿ ಬರ್ರಿ ಎನ್ನಲಿಲ್ಲ.